ಅಂಚಿನಾಚೆ ಉಳಿದ ‘ಅಲ್ಲ’

ನನ್ನ ಕೆಲಸ ಎರಡು ಸಾಲಿನದು.
ಹುಡುಕಿದವರ ಪರದೆಯಲ್ಲಿ ನೀಲಿ ಹೆಸರಿನ ಕೆಳಗೆ
ಬೂದು ಬಣ್ಣದಲ್ಲಿ ಕೂರುತ್ತದಲ್ಲ, ಅದು.
ಅಂಗಡಿ ಅವರದು, ಹೊಸ್ತಿಲ ಮಾತು ನನ್ನದು.
ಕಲ್ಸಂಕದಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಕೆಳಗೆ ಯಂತ್ರ ಇಡೀ ದಿನ
ಬೇರೆಯವರ ಮಾತನ್ನೇ ಮತ್ತೆ ಮತ್ತೆ ಹೇಳುತ್ತಿರುತ್ತದೆ;
ಮೇಲೆ ನಾನೂ ಅಷ್ಟೆ.

ಅಕ್ಷರ ಎಣಿಸಿದರೆ ಸಾಲದು ಇಲ್ಲಿ,
ಕತ್ತರಿ ನೋಡುವುದು ಅಗಲವನ್ನು.
‘ಣ’ ಬಸ್ಸಿನ ಸೀಟಿನಲ್ಲಿ ಕಾಲು ಚಾಚಿ
ಇಬ್ಬರ ಜಾಗ ಹಿಡಿದು ಕೂರುತ್ತದೆ.
ಒತ್ತಕ್ಷರ ಮಾತ್ರ, ಪಾಪ,
ಯಾರದೋ ಸೊಂಟದ ಕೆಳಗೆ ಜೋತುಬಿದ್ದು
ಟಿಕೆಟಿಲ್ಲದೆ ಬರುತ್ತದೆ.
ಹಾಗಾಗಿ ಗಟ್ಟಿ, ಪಕ್ಕಾ, ಅಚ್ಚುಕಟ್ಟು
ಇಂಥವರ ಮೇಲೆ ನನಗೆ ಪ್ರೀತಿ.

ಮಲ್ಪೆಯ ದೇಜು ತಿಂಗಳಾಯರು
ಬೋಟಿನ ಇಂಜಿನ್ ಬಿಚ್ಚಿ ಕಟ್ಟುವವರು.
ಪುಟದ ಮಾತೆಲ್ಲ ತಾವೇ ಹೇಳಿ ಬರೆಸಿದ್ದರು,
ಮೇಲಿನ ಎರಡು ಸಾಲಿಗೆ ಮಾತ್ರ ನನ್ನ ಹತ್ತಿರ ಬಂದರು.
“ಇದೊಂದು ಇರಲೇಬೇಕು ಮಾರಾಯ್ತಿ.”
ಹಾಕಿದೆ, ಹೇಳಿದ ಹಾಗೇ:

ಮಲ್ಪೆಯಲ್ಲಿ ನಲವತ್ತು ವರ್ಷದಿಂದ ಬೋಟಿನ ಇಂಜಿನ್ ಕೆಲಸ.
ಹಳೇ ಬೇರಿಂಗ್ ಹಾಕಿ ಹೊಸದರ ದುಡ್ಡು
ತೆಗೆದುಕೊಳ್ಳುವವರು ನಾವು ಅಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಕಂಡಿತ್ತು.
ಮರುವಾರ ದಕ್ಕೆಯಲ್ಲಿ ಯಾರದೋ ಫೋನು
ಕೈಯಿಂದ ಕೈಗೆ:

ಹಳೇ ಬೇರಿಂಗ್ ಹಾಕಿ ಹೊಸದರ ದುಡ್ಡು
ತೆಗೆದುಕೊಳ್ಳುವವರು ನಾವು …

ಮಂಜುಗಡ್ಡೆ ಒಡೆಯುವವರು ಸುತ್ತಿಗೆ ಕೆಳಗಿಟ್ಟು ನಕ್ಕರಂತೆ:
“ಅಂತೂ ದೇಜಣ್ಣ ಒಪ್ಪಿಕೊಂಡರು.”

ನಮ್ಮ ಭಾಷೆಯ ಗುಣವೇ ಇದು.
ಇಡೀ ವಾಕ್ಯ ನಡೆದು, ಗೇಟಿನ ತನಕ ಹೋಗಿ,
ಆಮೇಲೆ ತಿರುಗಿ ‘ಇಲ್ಲ’ ಅನ್ನುತ್ತೇವೆ.
ಕೇಳುವವರಿಗೆ ತಾಳ್ಮೆ ಇದ್ದ ಕಾಲದ ವ್ಯಾಕರಣ.
ಕತ್ತರಿಗೆ ಅದೆಲ್ಲ ಎಲ್ಲಿ?
ಮೂರು ಚುಕ್ಕಿ ಇಟ್ಟು ಹೋಯಿತು,
ಒಬ್ಬರ ನಲವತ್ತು ವರ್ಷ
ಅಂಚಿನಾಚೆ ಎರಡಕ್ಷರ ಹಿಡಿದು ನೇತಾಡುವಂತೆ ಮಾಡಿ.

ತಿದ್ದಿದೆ. ‘ಅಲ್ಲ’ ಬೇಕಾಗದ ಹಾಗೆ ಬರೆದೆ:
ಬಿಚ್ಚಿದ ಹಳೇ ಪಾರ್ಟು ನಿಮ್ಮ ಕೈಗೇ ಕೊಡುತ್ತೇವೆ.
ಮೊದಲ ಸಾಲಿನಲ್ಲೇ, ಕತ್ತರಿಗೆ ಎಟುಕದ ಕಡೆ.
ಹದಿನೈದು ದಿನ ಸುಖ.

ಆದರೆ ಹುಡುಕುವ ಯಂತ್ರ ಯಾರ ಆಳೂ ಅಲ್ಲ.
ನಾವು ಬರೆದಿಟ್ಟದ್ದನ್ನು ಓದುತ್ತದೆ, ‘ಹೂಂ’ ಅನ್ನುತ್ತದೆ,
ಚಾವಡಿಯಲ್ಲಿ ಹಾಸಿದ ಹೊಸ ಚಾಪೆ ಬಿಟ್ಟು
ಸೀದಾ ಅಡುಗೆಮನೆಗೇ ನುಗ್ಗುವ ನೆಂಟರಂತೆ
ತನಗೆ ಬೇಕಾದ್ದನ್ನು ಎತ್ತಿಕೊಂಡು ಬರುತ್ತದೆ.

ಒಂದು ರಾತ್ರಿ ಪರೀಕ್ಷೆಗೆಂದು ನಾನೇ ಹುಡುಕಿದೆ:
ರಾತ್ರಿ ಬೋಟು ಇಂಜಿನ್ ನಿಂತಿದೆ ಮಲ್ಪೆ.
ಬಂದದ್ದು ನನ್ನ ಸಾಲಲ್ಲ.
ಪುಟದ ತಳದಿಂದ, ವಿಳಾಸಕ್ಕೂ ಕೆಳಗಿನಿಂದ ಎತ್ತಿದ್ದು:

ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ, ವಾರಿಜ ಎತ್ತುತ್ತಾಳೆ.
ಇಂಜಿನ್ ಕೇಳಿ ಕೇಳಿ ನನಗೆ ಕಿವಿ ಮಂದ.
ಅವಳು ಮೈ ಅಲುಗಿಸಿ ಎಬ್ಬಿಸುತ್ತಾಳೆ.

ತೋರಿಸಬೇಡ ಎನ್ನುವ ಗುರುತು ಒಂದು ಉಂಟು.
ಸಾಲಿನ ಎರಡೂ ಬದಿಗೆ ಬೇಲಿ ಕಟ್ಟಿದರೆ
ಯಂತ್ರ ಮುಟ್ಟುವುದಿಲ್ಲ.
ಇಂಜಿನ್ನಿನವನ ಕಿವಿ ಮಂದ ಎಂದು
ಊರಿಗೆಲ್ಲ ಯಾಕೆ?
ಬೇಲಿ ಕಟ್ಟಿದೆ. ಕೂತೆ.
ಕೆಳಗೆ ಜೆರಾಕ್ಸಿನವ ಶಟರ್ ಎಳೆದ.
ಕಿತ್ತೆ.

ತಿಂಗಳ ಕೊನೆಗೆ ಬಿಲ್ಲು ಹಿಡಿದು ಹೋದೆ.
ಕೈಯ ಗ್ರೀಸು ಹಳೇ ಬನಿಯನ್ನಿಗೆ ಒರೆಸಿ,
ಫೋನು ದೂರ ಹಿಡಿದು, ತುಟಿ ಅಲುಗಿಸುತ್ತ ಓದಿದರು.
ಪಕ್ಕದಲ್ಲಿ ವಾರಿಜಕ್ಕ, ಕಣ್ಣ ತುಂಬ ನಿದ್ದೆ:
“ಈ ವಾರ ಮೂರು ರಾತ್ರಿ.
ನನ್ನ ಹೆಸರು ಯಾರು ಹಾಕಿದ್ದು ಅಷ್ಟು ಮೇಲೆ?”
ನಾನು ಅಲ್ಲ, ಅಂದೆ.
ದೇಜಣ್ಣ ಐನೂರರ ಎರಡು ನೋಟು ತೆಗೆದರು,
ಒಂದನ್ನು ಅಂಗಿಯ ಜೇಬಿಗೇ ವಾಪಸು ಇಟ್ಟರು.
“ಈ ಸಾಲು ನನ್ನದಲ್ಲವಾ?
ಹಾಗಾದರೆ ನಿನಗೆ ಅರ್ಧ.”